ಮನೆಯಲ್ಲಿ ಹಿರಿಯರ ಆರೈಕೆ: ಯಾರ ಕೆಲಸ ಯಾವುದು?



ವೃದ್ಧರ ಯೋಗಕ್ಷೇಮದ ಬಗ್ಗೆ ವರ್ಷಕ್ಕೊಮ್ಮೆಯಾದರೂ ಹತ್ತು ಜನ ಕೂತು ಮಾತಾಡಬೇಕು ಎಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಆಸೆ. ನಾನು ವಾರ್ಡಿನಲ್ಲಿ ದುಡಿದು, ನರ್ಸಿಂಗ್ ಕಲಿಸಿ, ನಿವೃತ್ತಿಯ ನಂತರ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುತ್ತಿರುವವಳು. ಹಾಗಾಗಿ ವೃದ್ಧಾಪ್ಯ ಎಂದರೇನು ಎಂಬ ದೊಡ್ಡ ಪ್ರಶ್ನೆಯನ್ನು ತಿಳಿದವರಿಗೆ ಬಿಟ್ಟು, ನನಗೆ ಗೊತ್ತಿರುವ ಒಂದೇ ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ಮನೆಯಲ್ಲಿ ಹಿರಿಯರೊಬ್ಬರನ್ನು ನೋಡಿಕೊಳ್ಳಬೇಕಾಗಿ ಬಂದಾಗ ಯಾರು ಯಾರು ಬರುತ್ತಾರೆ, ಅವರಲ್ಲಿ ಯಾರು ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆ ವಿಷಯ.

2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ ಇದ್ದರು. ಕರ್ನಾಟಕದಲ್ಲಿ ಸುಮಾರು 58 ಲಕ್ಷ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಹೊತ್ತಿಗೆ ದೇಶದ ಸಂಖ್ಯೆ 14.9 ಕೋಟಿಗೆ ಏರಿತ್ತು, 2050ಕ್ಕೆ ಅದು 34.7 ಕೋಟಿಯಾಗಲಿದೆ. ಅಂದರೆ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ. ಇವರಲ್ಲಿ ಬಹುಪಾಲು ಜನ ವೃದ್ಧಾಶ್ರಮಕ್ಕೆ ಹೋಗುವವರಲ್ಲ, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರುವವರೂ ಅಲ್ಲ. ಮನೆಯಲ್ಲೇ ಇರುತ್ತಾರೆ. ಮನೆಯಲ್ಲೇ ಇರಬೇಕೆಂಬುದು ಅವರ ಇಚ್ಛೆಯೂ ಹೌದು.

ತೊಂದರೆ ಶುರುವಾಗುವುದು ಡಿಸ್ಚಾರ್ಜ್ ಆದ ದಿನ. ಲಕ್ವ ಹೊಡೆದ ತಂದೆಯನ್ನೋ, ಸೊಂಟದ ಮೂಳೆ ಮುರಿದ ತಾಯಿಯನ್ನೋ ಆಂಬುಲೆನ್ಸಿನಲ್ಲಿ ಮನೆಗೆ ಕರೆತರುತ್ತೀರಿ. ಆಸ್ಪತ್ರೆಯಲ್ಲಿ ಆ ಒಬ್ಬರ ಸುತ್ತ ಎಷ್ಟು ಜನ ಇದ್ದರು ನೆನಪು ಮಾಡಿಕೊಳ್ಳಿ. ರೌಂಡ್ಸಿಗೆ ಬರುವ ವೈದ್ಯರು, ಪಾಳಿಗೊಬ್ಬರಂತೆ ಮೂವರು ನರ್ಸುಗಳು, ಮೈ ಒರೆಸಿ ಬಟ್ಟೆ ಬದಲಿಸುವ ಆಯಾ, ಸ್ಟ್ರೆಚರ್ ತಳ್ಳುವವರು, ಫಿಸಿಯೋಥೆರಪಿಸ್ಟ್, ಗಂಜಿ ಎಷ್ಟು ಕೊಡಬೇಕೆಂದು ಹೇಳುವ ಆಹಾರ ತಜ್ಞೆ, ಔಷಧಿ ಲೆಕ್ಕ ನೋಡುವವರು. ಇವರೆಲ್ಲರ ಮೇಲೆ ಕಣ್ಣಿಟ್ಟಿರುವ ವಾರ್ಡ್ ಸಿಸ್ಟರ್. ಮನೆಗೆ ಬಂದ ಮರುದಿನ ಇಷ್ಟೂ ಜನರ ಕೆಲಸ ಒಬ್ಬ ಹುಡುಗಿಯ ಹೆಗಲಿಗೆ ಬೀಳುತ್ತದೆ. ಏಜೆನ್ಸಿಯಿಂದ ಒಂದು ಬ್ಯಾಗ್ ಹಿಡಿದು ಬಂದ ಆ ಹುಡುಗಿಯನ್ನು ಮನೆಯವರು ನರ್ಸ್ ಎಂದು ಕರೆಯುತ್ತಾರೆ. ಅವಳು ಎಷ್ಟು ಕಲಿತಿದ್ದಾಳೆ ಎಂದು ಯಾರೂ ಕೇಳಿರುವುದಿಲ್ಲ.

ನಾನು ಮೊದಲು ಹೇಳಬೇಕಾದ ವ್ಯತ್ಯಾಸ ಇದೇ. ನರ್ಸ್ ಎಂದರೆ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಅವರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಇಂಜೆಕ್ಷನ್, ಡ್ರಿಪ್, ಮೂತ್ರದ ಕ್ಯಾತಿಟರ್ ಬದಲಿಸುವುದು, ಮೂಗಿನ ಮೂಲಕ ಹೊಟ್ಟೆಗೆ ಆಹಾರದ ನಳಿಕೆ ಹಾಕುವುದು, ಆಳವಾದ ಹುಣ್ಣಿನ ಡ್ರೆಸಿಂಗ್ ಮುಂತಾದವು ಅವರ ಕೆಲಸ. ಅದನ್ನೂ ವೈದ್ಯರು ಬರೆದುಕೊಟ್ಟ ಮೇಲೆ ಮಾಡತಕ್ಕದ್ದು. ಮನೆಗಳಲ್ಲಿ ಇಡೀ ದಿನ ಇಂಥ ನರ್ಸ್ ಬೇಕಾಗುವುದು ಅಪರೂಪ. ಸಾಮಾನ್ಯವಾಗಿ ವಾರಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಬಂದು ಹೋದರೆ ಸಾಕು.

ಇಡೀ ದಿನ ಜೊತೆಗಿರುವವಳು ಬೇರೆ. ಕೇರ್‌ಟೇಕರ್, ಅಟೆಂಡರ್, ಆಯಾ, ಹೋಮ್ ನರ್ಸ್, ಊರಿಗೊಂದು ಹೆಸರು. ಕೆಲವರು ಕೆಲವು ತಿಂಗಳ ತರಬೇತಿ ಪಡೆದಿರುತ್ತಾರೆ, ಹಲವರು ಇನ್ನೊಬ್ಬರ ಜೊತೆಗಿದ್ದು ನೋಡಿ ಕಲಿತಿರುತ್ತಾರೆ, ಇನ್ನು ಕೆಲವರು ಮೊನ್ನೆವರೆಗೆ ಗಾರ್ಮೆಂಟ್ಸಿನಲ್ಲಿದ್ದು ನಿನ್ನೆಯಷ್ಟೇ ಈ ಕೆಲಸಕ್ಕೆ ಬಂದವರು. ನಾನು ಇವರನ್ನು ಕೀಳಾಗಿ ಕಾಣುತ್ತಿಲ್ಲ. ನನ್ನ ಅನುಭವದಲ್ಲಿ ಹಿರಿಯರ ಜೀವ ಉಳಿದಿರುವುದು ಬಹುಮಟ್ಟಿಗೆ ಇವರ ಕೈಯಿಂದಲೇ. ಸ್ನಾನ, ಬಾಯಿ ತೊಳೆಸುವುದು, ಊಟ, ಮಲಮೂತ್ರ, ಮಗ್ಗುಲು ಬದಲಿಸುವುದು, ನಡೆಸುವುದು, ಮಾತಾಡಿಸುವುದು ಇವಳ ಕೆಲಸ. ಈ ಕೆಲಸ ಸರಿಯಾಗಿ ನಡೆದ ಮನೆಯಲ್ಲಿ ನರ್ಸ್ ಬೇಕಾಗುವುದೇ ಕಡಿಮೆ.

ಬೆನ್ನಿನ ಹುಣ್ಣನ್ನೇ ತೆಗೆದುಕೊಳ್ಳಿ. ತಾವಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಲಮೂಳೆಯ ಮೇಲೆ, ಸೊಂಟದ ಬದಿಯಲ್ಲಿ, ಹಿಮ್ಮಡಿಯಲ್ಲಿ ಚರ್ಮ ಮೊದಲು ಕೆಂಪಾಗುತ್ತದೆ, ಒತ್ತಿ ಬಿಟ್ಟರೂ ಆ ಕೆಂಪು ಮಾಸುವುದಿಲ್ಲ ಎಂದು ಪುಸ್ತಕದಲ್ಲಿದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಕೈಯಿಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ, ಅಥವಾ ಮೆತ್ತಗಾಗಿ ಸಿಗುತ್ತದೆ. ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಏರ್ ಬೆಡ್ ತಂದಿದ್ದೇವೆ, ಇನ್ನು ಹೊರಳಿಸಬೇಕಾಗಿಲ್ಲ ಎಂದು ಮನೆಯವರು ನಂಬುತ್ತಾರೆ. ಏರ್ ಬೆಡ್ ಸಹಾಯ ಮಾಡುತ್ತದೆ, ಅಷ್ಟೇ, ಹೊರಳಿಸುವ ಕೆಲಸ ತಪ್ಪುವುದಿಲ್ಲ. ಈ ಬಿಸಿಯನ್ನು ಮೊದಲು ಗುರುತಿಸುವ ಕೈ ಕೇರ್‌ಟೇಕರ್‌ನದು. ಗುರುತಿಸಿದ್ದನ್ನು ಹೇಳುವುದು ಅವಳ ಕೆಲಸ, ಪರೀಕ್ಷಿಸಿ ಏನು ಮಾಡಬೇಕೆಂದು ತೀರ್ಮಾನಿಸುವುದು ನರ್ಸಿನ ಕೆಲಸ. ಆದರೆ ಬಹಳ ಮನೆಗಳಲ್ಲಿ ಅವಳು ಹೇಳಲು ಹೆದರುತ್ತಾಳೆ. ಹುಣ್ಣಾಗಿದೆ ಎಂದರೆ ನೀನು ಸರಿಯಾಗಿ ನೋಡಿಕೊಂಡಿಲ್ಲ ಎಂಬ ಬೈಗುಳ ಬರುತ್ತದೆ ಎಂದು ಅವಳಿಗೆ ಗೊತ್ತು. ಹೀಗೆ ನಾಲ್ಕು ದಿನ ಮುಚ್ಚಿಟ್ಟ ಹುಣ್ಣು ಮೂಳೆ ಕಾಣುವಷ್ಟು ಆಳಕ್ಕೆ ಇಳಿದದ್ದನ್ನು ನಾನು ನೋಡಿದ್ದೇನೆ. ಬೈಯದೆ ಕೇಳಿಸಿಕೊಳ್ಳುವ ಮನೆಯಲ್ಲಿ ಹುಣ್ಣು ಬೇಗ ಪತ್ತೆಯಾಗುತ್ತದೆ.

ಇನ್ನೊಂದು ಉದಾಹರಣೆ ಆಹಾರದ ನಳಿಕೆಯದು. ನಳಿಕೆಯಲ್ಲಿ ಗಂಜಿ ಕೊಡುವುದನ್ನು ನರ್ಸ್ ಹೇಳಿಕೊಟ್ಟರೆ ಕೇರ್‌ಟೇಕರ್ ಕಲಿಯಬಲ್ಲಳು, ಮಗಳೂ ಸೊಸೆಯೂ ಕಲಿಯಬಲ್ಲರು. ತಲೆದೆಸೆಯನ್ನು ಎತ್ತರಿಸಬೇಕು, ಕೊಟ್ಟಾದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಕೂರಿಸಿರಬೇಕು, ಇಲ್ಲದಿದ್ದರೆ ಗಂಜಿ ಹಿಮ್ಮರಳಿ ಶ್ವಾಸಕೋಶಕ್ಕೆ ಇಳಿಯಬಹುದು. ಮರೆವಿನ ರೋಗಿಗಳು ಎಷ್ಟೋ ಸಲ ರಾತ್ರಿ ನಳಿಕೆಯನ್ನು ಎಳೆದುಹಾಕುತ್ತಾರೆ. ಆಗ ಅದನ್ನು ಕೇರ್‌ಟೇಕರ್ ಮತ್ತೆ ತೂರಿಸಲು ಹೋಗಬಾರದು. ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಹೋದರೆ, ಮುಂದಿನ ಲೋಟ ಗಂಜಿಗೆ ಪ್ರಾಣವೇ ಹೋಗಬಹುದು. ಒಂದು ಹೊತ್ತಿನ ಆಹಾರ ತಡವಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ನರ್ಸ್ ಬರುವವರೆಗೆ ಕಾಯಬಹುದು. ಆದರೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಆಗಲೇ ಕೊಟ್ಟಾಗಿದ್ದರೆ ಕಾಯುವ ಹಾಗಿಲ್ಲ, ವೈದ್ಯರಿಗೆ ಕೂಡಲೇ ಫೋನ್ ಮಾಡಬೇಕು. ಇಂಥ ಹೊತ್ತಿನಲ್ಲಿ ಮನೆಯವರು, ‘ನಿನಗೆ ಇಷ್ಟೂ ಬರುವುದಿಲ್ಲವಾ? ಮತ್ತೆ ಏಕೆ ಇಷ್ಟು ಸಂಬಳ?’ ಎನ್ನುತ್ತಾರೆ. ಬರುವುದಿಲ್ಲ ಎಂದು ಹೇಳಿದ ಆ ಹುಡುಗಿ ಆ ರಾತ್ರಿ ಅತ್ಯಂತ ಸರಿಯಾದ ಕೆಲಸ ಮಾಡಿರುತ್ತಾಳೆ.

ಇನ್ಸುಲಿನ್ ಪ್ರಮಾಣವನ್ನು ಏರಿಸುವುದು, ಇಳಿಸುವುದು, ನಿದ್ದೆ ಬರಲಿಲ್ಲವೆಂದು ಇನ್ನರ್ಧ ಮಾತ್ರೆ ಕೊಡುವುದು, ಬಿ.ಪಿ. ಸರಿಯಿದೆ ಎಂದು ಮಾತ್ರೆ ನಿಲ್ಲಿಸುವುದು, ಇವು ಕೇರ್‌ಟೇಕರ್‌ಗೂ ಸಲ್ಲದ ಕೆಲಸ, ಅಮೆರಿಕದಿಂದ ವಿಡಿಯೋ ಕರೆ ಮಾಡುವ ಮಗನಿಗೂ ಸಲ್ಲದ ಕೆಲಸ. ವೈದ್ಯರನ್ನು ಕೇಳುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಫೋನ್, ವಿಡಿಯೋ ಮೂಲಕ ಸಲಹೆ ಕೊಡಬಹುದು, ರೋಗಿಯ ಪರವಾಗಿ ನೋಡಿಕೊಳ್ಳುವವರೂ ಮಾತಾಡಬಹುದು. ಆದರೆ ಮನೆಗೆ ಯಾವ ವೈದ್ಯರು ಮುಖ್ಯ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ನರಕ್ಕೊಬ್ಬರು ಬರೆದ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಒಬ್ಬ ಸಾಮಾನ್ಯ ವೈದ್ಯರು ಬೇಕು. ಬಡಾವಣೆಯ ಹಳೆಯ ಕ್ಲಿನಿಕ್ಕಿನ ಡಾಕ್ಟರು ಈ ಕೆಲಸಕ್ಕೆ ಎಷ್ಟೋ ಸಲ ದೊಡ್ಡ ಆಸ್ಪತ್ರೆಯ ತಜ್ಞರಿಗಿಂತ ಹೆಚ್ಚು ತಕ್ಕವರು.

ಫಿಸಿಯೋಥೆರಪಿಸ್ಟ್ ಬಗ್ಗೆ ಒಂದೇ ಮಾತು. ಅವರು ದಿನಕ್ಕೆ ಮುಕ್ಕಾಲು ಗಂಟೆ ಬಂದು ಹೋಗುತ್ತಾರೆ, ಉಳಿದ ಹೊತ್ತು ಆ ಕೈಕಾಲು ಮನೆಯವರ ವಶದಲ್ಲಿರುತ್ತದೆ. ಲಕ್ವ ಹೊಡೆದ ಕೈಯನ್ನು ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದು. ಎಬ್ಬಿಸುವ ಕ್ರಮವನ್ನು ಮನೆಯವರಿಗೆ, ಕೇರ್‌ಟೇಕರ್‌ಗೆ ಕಲಿಸಿಕೊಡದೆ ಹೋಗುವ ಫಿಸಿಯೋ ಅರ್ಧ ಕೆಲಸ ಮಾಡಿದಂತೆ.

ಬಾಡಿಗೆಗೆ ಮಂಚ, ಆಕ್ಸಿಜನ್ ಯಂತ್ರ ತಂದುಕೊಡುವವರನ್ನು ನಾವು ಆರೈಕೆಯವರ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಸೇರಿಸಬೇಕು. ಆಕ್ಸಿಜನ್ ಕಾನ್ಸೆಂಟ್ರೇಟರ್ ಕರೆಂಟಿನಲ್ಲಿ ನಡೆಯುವ ಯಂತ್ರ. ಮಳೆಗಾಲದ ಮಲೆನಾಡಿನಲ್ಲಿ, ಬೇಸಿಗೆಯ ಬಯಲುಸೀಮೆಯಲ್ಲಿ ಕರೆಂಟು ಹೋದರೆ ಏನು ಮಾಡಬೇಕು? ಬದಲಿ ಸಿಲಿಂಡರ್ ಇಟ್ಟು, ಅದನ್ನು ತೆರೆಯುವುದು ಹೇಗೆಂದು ಮನೆಯ ಇಬ್ಬರಿಗಾದರೂ ಕಲಿಸಿ, ರಾತ್ರಿ ಎರಡು ಗಂಟೆಗೂ ಎತ್ತುವ ಫೋನ್ ನಂಬರ್ ಕೊಟ್ಟುಹೋಗುವುದು ಅವರ ಹೊಣೆ. ಹಣ ಕೊಡುವ ಮುಂಚೆ ಇದನ್ನು ಕೇಳಿ.

ಈಗ ಏಜೆನ್ಸಿಗಳಿಗೆ ಬರುತ್ತೇನೆ, ಏಕೆಂದರೆ ಗೊಂದಲ ಹೆಚ್ಚಿರುವುದು ಇಲ್ಲಿಯೇ. ಹೊರಗಿನಿಂದ ನೋಡಿದರೆ ಎಲ್ಲ ಏಜೆನ್ಸಿಗಳೂ ಒಂದೇ ಥರ ಕಾಣುತ್ತವೆ. ಒಳಗೆ ಎರಡು ಬಗೆ ಇವೆ. ಒಂದು ಬಗೆಯವರು ಜನರನ್ನು ಹುಡುಕಿಕೊಟ್ಟು ಕಮಿಷನ್ ತೆಗೆದುಕೊಳ್ಳುತ್ತಾರೆ, ಅಲ್ಲಿಗೆ ಅವರ ಸಂಬಂಧ ಮುಗಿಯಿತು. ಆಮೇಲೆ ಆ ಹುಡುಗಿಯ ಕೆಲಸ, ರಜೆ, ತರಬೇತಿ, ತಪ್ಪು ಎಲ್ಲವೂ ನಿಮ್ಮ ಮನೆಯ ವಿಷಯ. ಇನ್ನೊಂದು ಬಗೆಯವರು ಅವಳನ್ನು ತಮ್ಮ ನೌಕರಳಾಗಿ ಇಟ್ಟುಕೊಂಡು, ಸಂಬಳ ಕೊಟ್ಟು, ನರ್ಸ್ ಮೇಲ್ವಿಚಾರಕಿಯನ್ನು ಕಾಲಕಾಲಕ್ಕೆ ನಿಮ್ಮ ಮನೆಗೆ ಕಳಿಸಿ, ಅವಳು ರಜೆ ಹೋದರೆ ಬದಲಿ ಕಳಿಸುತ್ತಾರೆ. ಎರಡನೆಯದು ದುಬಾರಿ. ಆದರೆ ಮೊದಲ ಬಗೆಯವರಿಗೆ ದುಡ್ಡು ಕೊಟ್ಟು ಎರಡನೆಯ ಬಗೆಯ ಹೊಣೆಗಾರಿಕೆಯನ್ನು ನಿರೀಕ್ಷಿಸಿದರೆ ಮೋಸ ಹೋದ ಹಾಗೆ ಅನಿಸುತ್ತದೆ. ಆದ್ದರಿಂದ ಮೊದಲ ದಿನವೇ ಕೇಳಿ: ಇವಳ ಮಾಲೀಕರು ಯಾರು? ನಾವು ಕೊಡುವ ಹಣದಲ್ಲಿ ಇವಳ ಕೈಗೆ ಎಷ್ಟು ಸೇರುತ್ತದೆ? ಇವಳ ಕೆಲಸವನ್ನು ಬಂದು ನೋಡುವ ನರ್ಸ್ ಯಾರು? ಪೊಲೀಸ್ ಪರಿಶೀಲನೆ ಆಗಿದೆಯೇ? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಏಜೆನ್ಸಿಯನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಇಪ್ಪತ್ತನಾಲ್ಕು ಗಂಟೆಯ ಕೇರ್‌ಟೇಕರ್ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನುಷ್ಯರು ಇಪ್ಪತ್ತನಾಲ್ಕು ಗಂಟೆ ಎಚ್ಚರ ಇರಲಾರರು. ರಾತ್ರಿ ನಾಲ್ಕು ಸಲ ಎದ್ದು ಬಟ್ಟೆ ಬದಲಿಸಿದವಳು ಬೆಳಿಗ್ಗೆ ಹತ್ತಕ್ಕೆ ತೂಕಡಿಸಿದರೆ ಅದು ಸೋಮಾರಿತನವಲ್ಲ. ರಾತ್ರಿ ಪದೇ ಪದೇ ಏಳುವ ರೋಗಿಯಿದ್ದರೆ ಇಬ್ಬರು ಬೇಕು, ಇಲ್ಲವೇ ರಾತ್ರಿಯ ಪಾಳಿಯನ್ನು ಮನೆಯವರು ಹಂಚಿಕೊಳ್ಳಬೇಕು. ವಾರಕ್ಕೊಂದು ದಿನ ರಜೆ ಬೇಕು. ಅಡುಗೆ, ಪಾತ್ರೆ, ಮನೆ ಒರೆಸುವ ಕೆಲಸಗಳನ್ನು ಅವಳಿಗೆ ಹಚ್ಚಬಾರದು. ಒಗ್ಗರಣೆ ಹಾಕುತ್ತಿರುವ ಹೊತ್ತಿನಲ್ಲಿ ಅಜ್ಜಿ ಬಚ್ಚಲಿನಲ್ಲಿ ಬಿದ್ದರೆ ತಪ್ಪು ಯಾರದ್ದು? ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಪಡಿಸಿತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ, ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಗಂಡಸರ ಮೈ ತೊಳೆಸುವ ಹೆಣ್ಣುಮಕ್ಕಳಿಗೆ ಈ ಮಾತು ತಿಳಿದಿರಲೇಬೇಕು, ಮನೆಯವರಿಗೂ ತಿಳಿದಿರಬೇಕು.

ಇಲ್ಲಿ ಒಂದು ನೋವಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ತಮ್ಮ ತಾಯಿಯ ಮಲವನ್ನು ಬಳಿಯುವ ಹೆಣ್ಣುಮಗಳಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳು ಇವತ್ತಿಗೂ ಇವೆ. ಅವಳ ಜಾತಿ ಕೇಳಿ ಕೆಲಸಕ್ಕೆ ತೆಗೆದುಕೊಳ್ಳುವವರಿದ್ದಾರೆ, ಅಡುಗೆಮನೆಯ ಹೊಸಿಲು ದಾಟಬೇಡ ಎನ್ನುವವರಿದ್ದಾರೆ. ಇದು ಅಮಾನುಷ. ಮುದುಕಿಯ ತುಟಿಗೆ ನೀರು ಹಿಡಿಯುವ ಕೈಗೆ ಅದೇ ಮನೆಯ ಲೋಟ ಸಲ್ಲದು ಎಂದರೆ ಆ ಮನೆಯಲ್ಲಿ ಆರೈಕೆ ನಡೆಯುತ್ತಿದೆ ಎಂದು ನಾನು ಹೇಳಲಾರೆ.

ಭಾಷೆಯೂ ಮುಖ್ಯ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆಗಳು ಎಷ್ಟೋ ಸಲ ಮೊದಲು ಜಾರುತ್ತವೆ, ಬಾಲ್ಯದ ಮಾತು ಹೆಚ್ಚು ಕಾಲ ಉಳಿಯುತ್ತದೆ. ಜೀವನವಿಡೀ ಕನ್ನಡದಲ್ಲಿ ಪಾಠ ಮಾಡಿದ ಮೇಷ್ಟ್ರು ಕೊನೆಗಾಲದಲ್ಲಿ ತುಳುವನ್ನೋ ಕೊಂಕಣಿಯನ್ನೋ ಮಾತ್ರ ಆಡುವುದುಂಟು. ಬೇರೆ ರಾಜ್ಯದಿಂದ ಬಂದ ಹುಡುಗಿಗೆ ‘ನೀರು’, ‘ನೋವು’, ‘ಬಚ್ಚಲು’, ‘ಭಯ’ ಎಂಬ ನಾಲ್ಕು ಮಾತು ಆ ಹಿರಿಯರ ಭಾಷೆಯಲ್ಲಿ ಮೊದಲ ದಿನವೇ ಕಲಿಸಿಕೊಡಿ.

ಈವರೆಗೆ ಹೇಳಿದ್ದೆಲ್ಲ ಹಣ ಇದ್ದವರ ಮಾತಾಯಿತು. ದೊಡ್ಡ ಊರುಗಳಲ್ಲಿ ಜೊತೆಗಿರುವ ಕೇರ್‌ಟೇಕರ್‌ಗೆ ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿ ಸಾಲದು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅರವತ್ತೈದು ದಾಟಿದವರಿಗೆ ಬರುವುದು ತಿಂಗಳಿಗೆ 1,200 ರೂಪಾಯಿ. 2024ರ ಅಕ್ಟೋಬರ್‌ನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಐದು ಲಕ್ಷದವರೆಗಿನ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಆರಂಭಿಸಿತು. ಅದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ಮನೆಯಲ್ಲಿ ಮಗ್ಗುಲು ಬದಲಿಸುವವಳ ಸಂಬಳಕ್ಕಲ್ಲ. ಹಾಗಾದರೆ ಹಾಸಿಗೆ ಹಿಡಿದ ಬಡವರ ಮನೆಗೆ ಬರುವವರು ಯಾರು?

ಬರಬೇಕಾದವರು ಕಾಗದದ ಮೇಲೆ ಇದ್ದಾರೆ. 2010–11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಹತ್ತು ಹಾಸಿಗೆಯ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನದ ಕ್ಲಿನಿಕ್, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರ ಭೇಟಿ ಇರಬೇಕೆಂದು ಹೇಳುತ್ತದೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದ ಮೇಲೆ ಅಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆ ಅವರ ಸೇವೆಗಳ ಪಟ್ಟಿಯಲ್ಲೇ ಇದೆ. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಆರಂಭವಾಗಿ ಬಿ.ಪಿ., ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಬಾಗಿಲಿಗೆ ತಂದಿದೆ. ಇದು ಒಳ್ಳೆಯ ಹೆಜ್ಜೆ. ಆಶಾ ಕಾರ್ಯಕರ್ತೆ ನಿಮ್ಮ ಬೀದಿಗೆ ಬಂದಾಗ, ಒಳಗಿನ ಕೋಣೆಯಲ್ಲಿ ಮಲಗಿರುವ ಅಜ್ಜನ ವಿಷಯ ತಿಳಿಸಿ. ಅವರ ಕೆಲಸ ಗುರುತಿಸಿ ಮೇಲಿನವರಿಗೆ ಮುಟ್ಟಿಸುವುದು. ಬಸುರಿ, ಬಾಣಂತಿ, ಮಗು, ಲಸಿಕೆ, ಸಮೀಕ್ಷೆ ಎಂದು ಆಗಲೇ ಬೆನ್ನು ಬಗ್ಗಿರುವ ಆ ಹೆಣ್ಣುಮಗಳಿಂದ ದಿನನಿತ್ಯದ ಡ್ರೆಸಿಂಗ್ ಬಯಸುವುದು ತಪ್ಪು. ಡ್ರೆಸಿಂಗ್ ಬೇಕೆಂದರೆ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿ.

ವಾಸಿಯಾಗದ ಕಾಯಿಲೆಯವರಿಗೆ ಮನೆಗೇ ಬರುವ ಉಪಶಮನ ತಂಡಗಳಿವೆ. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಹುಟ್ಟಿದ ಸಂಸ್ಥೆ. ಹಾಸಿಗೆಗಳ ಆಶ್ರಯತಾಣ ಕಟ್ಟುವ ಮುನ್ನವೇ ಅವರು ಕ್ಯಾನ್ಸರ್ ರೋಗಿಗಳ ಮನೆಗಳಿಗೆ ಹೋಗತೊಡಗಿದ್ದರು, ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಇಂಥ ತಂಡ ಬಂದರೆ ಇನ್ನೇನು ಕಥೆ ಮುಗಿಯಿತು ಎಂದು ಮನೆಯವರು ಅಂಜುತ್ತಾರೆ. ಆದರೆ ನೋವು, ಉಸಿರಾಟದ ಕಷ್ಟ, ವಾಂತಿ, ಭಯ, ಇವನ್ನು ಕಡಿಮೆ ಮಾಡುವುದು ಅವರ ವಿದ್ಯೆ. ಬೇರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಅವರನ್ನು ಕರೆಯಬಹುದು, ಬೇಗ ಕರೆದಷ್ಟೂ ಒಳ್ಳೆಯದು. ನೆರೆಯ ಕೇರಳ ಇದನ್ನು ಊರಿನ ಕೆಲಸವಾಗಿ ಮಾಡಿಕೊಂಡಿತು. ಕಲ್ಲಿಕೋಟೆಯಲ್ಲಿ 1993ರಲ್ಲಿ ಶುರುವಾದ ಒಂದು ಕ್ಲಿನಿಕ್‌ನಿಂದ ಬೆಳೆದು, ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ, 2008ರಲ್ಲಿ ಸರ್ಕಾರದ ನೀತಿಯಾಗಿ, ಪಂಚಾಯತಿಗಳು ನರ್ಸ್ ನೇಮಿಸಿ ಹಾಸಿಗೆ ಹಿಡಿದವರ ಮನೆಗೆ ಕಳಿಸುವ ಮಟ್ಟಕ್ಕೆ ಬಂತು. ನರ್ಸ್ ಕ್ಯಾತಿಟರ್ ನೋಡುತ್ತಾರೆ, ಸ್ವಯಂಸೇವಕರು ಅಕ್ಕಿ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ನೋಡುತ್ತಾರೆ, ವೈದ್ಯರು ಬೇಕಾದಾಗ ಬರುತ್ತಾರೆ. ಕೆಲಸ ಹಂಚಿಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಮಂಜೇಶ್ವರದ ಈಚೆಗೆ ಅದು ಸಾಧ್ಯವಿಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಹೊರಗಿನ ಇನ್ನೂ ಕೆಲವರ ಸಹಾಯವನ್ನು ನಾವು ಬಳಸಿಕೊಳ್ಳುತ್ತಿಲ್ಲ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಅಂಚೆಯಣ್ಣ ಮನೆಗೇ ಬಂದು ಮಾಡಿಕೊಡುತ್ತಾರೆ. ನವೆಂಬರ್ ಬಿಸಿಲಿನಲ್ಲಿ ಬ್ಯಾಂಕಿನ ಮೆಟ್ಟಿಲಿಗೆ ಹೊತ್ತು ತರಬೇಕಾಗಿಲ್ಲ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿನ ಬ್ಯಾಂಕಿಂಗ್ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ದಾನಪತ್ರವನ್ನು ಅದೇ ಕಾಯ್ದೆಯ 23ನೆಯ ಕಲಮಿನಡಿ ರದ್ದು ಮಾಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಇನ್ನೊಂದು ಎಚ್ಚರಿಕೆ: ತಂದೆ ಬರೆದುಕೊಟ್ಟ ಮುಕ್ತ್ಯಾರುನಾಮೆ ಅವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ನಿಲ್ಲುವುದಿಲ್ಲ. ಮರೆವು ಶುರುವಾದ ಲಕ್ಷಣ ಕಂಡ ಕೂಡಲೇ, ಅವರ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಿ, ಬ್ಯಾಂಕಿನ ಜಂಟಿ ಖಾತೆ, ನಾಮಿನಿ, ಉಯಿಲು ಮುಗಿಸಿಕೊಳ್ಳಿ.

ಕೊನೆಯ ಚಿಕಿತ್ಸೆ ಎಷ್ಟರಮಟ್ಟಿಗೆ ಬೇಕು, ವೆಂಟಿಲೇಟರ್ ಬೇಕೇ ಬೇಡವೇ ಎಂದು ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಮಾಡಿಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಹೀಗೆ ಮೊದಲೇ ಬರೆದಿಡದೆ, ನಡುರಾತ್ರಿ ಉಸಿರು ಏರಿದಾಗ ಆಂಬುಲೆನ್ಸ್ ಕರೆಯಬೇಕೋ ಬೇಡವೋ ಎಂಬ ನಿರ್ಧಾರವನ್ನು ಕೇರ್‌ಟೇಕರ್ ಹುಡುಗಿಯ ಮೇಲೆ ಹಾಕುವುದು ದೊಡ್ಡ ಅನ್ಯಾಯ.

ಇಷ್ಟೆಲ್ಲ ಜನರ ಹೆಸರು ಹೇಳಿದೆ. ಇವರನ್ನೆಲ್ಲ ಒಟ್ಟಿಗೆ ಹಿಡಿದು ನಡೆಸುವವರು ಯಾರು? ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಮಾಡುತ್ತಿದ್ದ ಕೆಲಸ ಅದು. ಮನೆಯಲ್ಲಿ ಸಾಮಾನ್ಯವಾಗಿ ಸೊಸೆ, ಮದುವೆಯಾಗದ ಮಗಳು, ಇಲ್ಲವೇ ಎಪ್ಪತ್ತೈದರ ಹೆಂಡತಿ. ಯಾವ ಮಾತ್ರೆ ಮುಗಿದಿದೆ, ಫಿಸಿಯೋ ಏಕೆ ಬರಲಿಲ್ಲ, ಸ್ಕ್ಯಾನಿನ ಫಿಲ್ಮ್ ಎಲ್ಲಿದೆ, ನಾಳೆ ಬದಲಿ ಯಾರು, ಎಲ್ಲವೂ ಅವಳ ತಲೆಯಲ್ಲಿರುತ್ತದೆ. ಅವಳ ಹೆಸರು ಯಾವ ಚೀಟಿಯಲ್ಲೂ ಇಲ್ಲ. ದೂರದ ಊರಿನಲ್ಲಿರುವ ಅಣ್ಣತಮ್ಮಂದಿರು ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಕೇಳುತ್ತಾರೆ, ಕ್ಯಾಮೆರಾದಲ್ಲಿ ನೋಡುತ್ತಾರೆ, ಅವಳು ಉತ್ತರ ಕೊಡುತ್ತಿರುತ್ತಾಳೆ. ದೂರ ಇರುವವರೇ, ನಿಮಗೂ ಇಲ್ಲಿ ಖಚಿತವಾದ ಕೆಲಸವಿದೆ. ಏಜೆನ್ಸಿಯ ಹಣ, ವಿಮೆಯ ಕಾಗದ, ವೈದ್ಯರ ಅಪಾಯಿಂಟ್‌ಮೆಂಟ್, ಔಷಧಿ ಆರ್ಡರ್, ಇವನ್ನು ಡಲ್ಲಾಸಿನಿಂದಲೂ ಮಾಡಬಹುದು, ದುಬೈಯಿಂದಲೂ ಮಾಡಬಹುದು. ವರ್ಷಕ್ಕೆ ಒಂದು ತಿಂಗಳು ಬಂದು ಆಕೆಯ ಜಾಗದಲ್ಲಿ ನಿಂತು, ಆಕೆಯನ್ನು ತವರಿಗೆ ಕಳಿಸಿ.

ಮಂಚದ ಪಕ್ಕ ಒಂದು ನೋಟ್‌ಬುಕ್ ಇರಲಿ. ಮೊದಲ ಪುಟದಲ್ಲಿ ಮುಖ್ಯ ವೈದ್ಯರು, ನರ್ಸ್, ಕೇರ್‌ಟೇಕರ್, ಆಕ್ಸಿಜನ್‌ನವರು, ಎಲ್ಲರ ಹೆಸರು, ಫೋನ್, ಅವರವರ ಕೆಲಸ ಬರೆದಿರಲಿ. ಆಮೇಲಿನ ಪುಟಗಳಲ್ಲಿ ದಿನದ ಊಟ, ಮೂತ್ರ, ಮಲ, ಬಿ.ಪಿ., ಮಾತ್ರೆ, ಮಗ್ಗುಲು ಬದಲಿಸಿದ ಗಂಟೆ. ಬರೆಯಲು ಬಾರದ ಕೇರ್‌ಟೇಕರ್ ಗುರುತು ಹಾಕಲಿ. ಬರುವ ಪ್ರತಿಯೊಬ್ಬರೂ ಮೊದಲು ಆ ಪುಸ್ತಕ ಓದಲಿ, ಹೋಗುವಾಗ ಒಂದು ಸಾಲು ಬರೆಯಲಿ. ರೋಗಿಗೆ ಮಾತಾಡಲು ಸಾಧ್ಯವಿದ್ದರೆ ಅವರನ್ನೇ ಮೊದಲು ಕೇಳಿ: ಇವಳು ನಿಮಗೆ ಒಪ್ಪಿಗೆಯೇ, ಸ್ನಾನ ಯಾವ ಹೊತ್ತಿಗೆ ಬೇಕು? ಇದು ಅವರ ಮನೆ, ಅವರ ಮೈ.

ಸಹಾಯ ಯಾರಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಉಚಿತವಾಗಿ ಕರೆ ಮಾಡಬಹುದು.

ಸರ್ಕಾರಕ್ಕೆ ನನ್ನ ಮನವಿ ಇದು. ಕೇರ್‌ಟೇಕರ್ ಕೆಲಸಕ್ಕೆ ಕನ್ನಡದಲ್ಲಿ ತರಬೇತಿ, ನೋಂದಣಿ, ಕನಿಷ್ಠ ಕೂಲಿ ಮತ್ತು ವಾರದ ರಜೆಯನ್ನು ಕಡ್ಡಾಯ ಮಾಡಿ. ಅವರನ್ನು ಕಳಿಸುವ ಏಜೆನ್ಸಿಗಳಿಗೆ ಪರವಾನಗಿ ಬೇಕೆಂದು ಮಾಡಿ, ನರ್ಸ್ ಮೇಲ್ವಿಚಾರಣೆ ಇಲ್ಲದೆ ಯಾರನ್ನೂ ರೋಗಿಯ ಮನೆಗೆ ಕಳಿಸದಂತೆ ನೋಡಿಕೊಳ್ಳಿ. ಪ್ರತಿ ಗ್ರಾಮ ಪಂಚಾಯತಿಗೆ, ನಗರದ ಪ್ರತಿ ವಾರ್ಡಿಗೆ, ಹಾಸಿಗೆ ಹಿಡಿದವರ ಮನೆಗೆ ಹೋಗುವುದನ್ನೇ ಕೆಲಸವಾಗಿ ಉಳ್ಳ ಒಬ್ಬ ನರ್ಸನ್ನು ನೇಮಿಸಿ. ಈ ಸಭೆಯಲ್ಲಿರುವ ಪಂಚಾಯತಿ ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.